ಬಾಗಿಲು ಮುಚ್ಚಿದ ದ್ವೀಪಗಳು: ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ದ್ವೀಪರಾಷ್ಟ್ರಗಳು ಹೊರಜಗತ್ತಿನಿಂದ ದೂರ ಸರಿದಾಗ ಎದುರಾಗುವ ಸಂಕಷ್ಟಗಳನ್ನು ಬೋಧಿಸುವ ಈ ಕೋರ್ಸಿನಲ್ಲಿ ಜಪಾನಿನ ಪಾಠವೇ ಅತ್ಯುತ್ತಮವಾಗಿದೆ. 1641ರಿಂದ ಡಚ್ಚರ ವ್ಯಾಪಾರವನ್ನು ನಾಗಸಾಕಿಯ ದೆಜಿಮಾ ಎಂಬ ಕೃತಕ ನಡುಗಡ್ಡೆಗೆ ಸೀಮಿತಗೊಳಿಸಿದ ತೊಕುಗಾವಾ ಆಡಳಿತವು (ಅಂದು ಜಪಾನನ್ನು ಆಳುತ್ತಿದ್ದ ಸೇನಾಧಿಪತಿಗಳ ಮನೆತನ) ಚೀನಾ, ಕೊರಿಯಾಗಳೊಂದಿಗಿನ ವ್ಯವಹಾರವನ್ನು ನಿಯಂತ್ರಿತವಾಗಿ ಉಳಿಸಿಕೊಂಡಿತ್ತು ಎಂಬುದನ್ನೂ, ದೀರ್ಘ ಶಾಂತಿಯ ಆ ಕಾಲದಲ್ಲಿಯೇ ದೇಶವು ನೌಕಾಬಲದಲ್ಲಿ ಹಿಂದುಳಿದು, 1853ರಲ್ಲಿ ಬಂದ ಅಮೆರಿಕದ ಉಗಿಹಡಗುಗಳನ್ನು ತಡೆಯಲಾರದ ಸ್ಥಿತಿಗೆ ತಲುಪಿತು ಎಂಬುದನ್ನೂ ಉಪನ್ಯಾಸಕರು ನಕಾಶೆಗಳ ನೆರವಿನಿಂದ ವಿವರಿಸುತ್ತಾರೆ. ಪೂರ್ಣ ಏಕಾಂತ ಅಲ್ಲಿಯೂ ಇರಲಿಲ್ಲವೆಂಬ ಈ ಸೂಕ್ಷ್ಮತೆ ನನಗೆ ಬಹಳ ಹಿಡಿಸಿತು.

ಶ್ರೀಲಂಕಾದ ಭಾಗ ಅಷ್ಟು ತೃಪ್ತಿಕರವಾಗಿಲ್ಲ. 1970ರ ದಶಕದ ಆಮದು ನಿರ್ಬಂಧಗಳಿಂದ ಉಂಟಾದ ಅಭಾವ ಹಾಗೂ 1977ರ ನಂತರದ ಮುಕ್ತ ಆರ್ಥಿಕತೆಯನ್ನು ಹೇಳಿ, 2021ರ ರಾಸಾಯನಿಕ ಗೊಬ್ಬರದ ಆಮದು ನಿಷೇಧದಿಂದ ಭತ್ತ, ಚಹಾ ಬೆಳೆಗಳಿಗಾದ ಪೆಟ್ಟನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಲಾಗಿದೆ.

ದೊಡ್ಡ ಕೊರತೆಯೆಂದರೆ ಕಿರಿಬಾಟಿ, ಟುವಾಲುಗಳಂತಹ ಪುಟ್ಟ ದೇಶಗಳ ಗೈರುಹಾಜರಿ. ಇಂಧನವೂ ಅಕ್ಕಿಯೂ ಹಡಗಿನಲ್ಲೇ ಬರಬೇಕಾದ ಅಲ್ಲಿ ಏಕಾಂತವು ಸರ್ಕಾರದ ಆಯ್ಕೆಯಲ್ಲ, ಭೂಗೋಳವೇ ಹೇರಿದ ವೆಚ್ಚ. ಇತಿಹಾಸಾಸಕ್ತರು ಧಾರಾಳವಾಗಿ ಸೇರಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಬೇರೆ ಪಠ್ಯಗಳ ಆಸರೆ ಬೇಕಾಗುತ್ತದೆ.