ಗೂಗಲ್ ಅರ್ಥ್, ಭುವನ್, ಆರ್ಗ್ಯಾನಿಕ್ ಮ್ಯಾಪ್ಸ್: ಬಾಗಲಕೋಟೆಯವರು ಯಾವ ನಕ್ಷೆಯನ್ನು ಇಟ್ಟುಕೊಳ್ಳಬೇಕು?

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಕಥೆ ನೋಡಬೇಕೆಂದರೆ ಗೂಗಲ್ ಅರ್ಥ್‌ಗೇ ಹೋಗಿ. 2021ರಲ್ಲಿ ಅದಕ್ಕೆ ಸೇರಿದ ಟೈಮ್‌ಲ್ಯಾಪ್ಸ್, 1984ರಿಂದೀಚಿನ ಉಪಗ್ರಹ ಚಿತ್ರಗಳನ್ನು ವರ್ಷದ ಲೆಕ್ಕದಲ್ಲಿ ಜೋಡಿಸಿ ಓಡಿಸುತ್ತದೆ. ಬಾಗಲಕೋಟೆ ಹುಡುಕಿ ಬಿಡಿ: ಮೊದಲು ಘಟಪ್ರಭೆ ಸಣ್ಣ ಎಳೆ, ಆಮೇಲೆ ಹಿನ್ನೀರು ಹೊಲ ನುಂಗುತ್ತ ಹಳೇ ಊರಿನ ಅಂಚಿಗೆ ಬರುತ್ತದೆ, ಇತ್ತ ಬರಿ ನೆಲದ ಮೇಲೆ ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದ ಸೆಕ್ಟರುಗಳು ಮೂಡುತ್ತವೆ. ನಮ್ಮವ್ವಗೆ ತೋರಿಸಿದೆ. "ಇನ್ನೊಮ್ಮೆ ಹಿಂದಕ್ಕ ತಗೋ" ಅಂತ ಎರಡು ಸಲ ನೋಡಿದಳು. ಆದರೆ ಇದು ದೂರದ ನೋಟ, ಮನೆ ಗುರುತು ಹತ್ತುವುದಿಲ್ಲ. ಹತ್ತಿರದಿಂದ ನೋಡಲು ಅರ್ಥ್‌ನಲ್ಲೇ ಹಳೇ ಚಿತ್ರಗಳ ಸೌಲಭ್ಯ ಬೇರೆ ಇದೆ. 2024ರಲ್ಲಿ ಅದು ಮೊಬೈಲ್‌ಗೂ ಬಂತು.

ಇಸ್ರೋದ ನಕ್ಷೆ ತಾಣ ಭುವನ್ 2009ರದ್ದು. ಚಂದದಲ್ಲಿ ಅರ್ಥ್‌ಗೆ ಸಾಟಿಯಲ್ಲ, ಮೆನುಗಳಲ್ಲಿ ದಾರಿ ತಪ್ಪುತ್ತದೆ (ನಕ್ಷೆಯಲ್ಲೇ ದಾರಿ ತಪ್ಪುವುದೆಂದರೆ!). ಆದರೆ ಭೂಬಳಕೆ, ಪಾಳು ನೆಲದಂಥ ವಿಷಯವಾರು ಪದರಗಳು ಬೇಕಾದ ಕಾಲೇಜು ಹುಡುಗರಿಗೆ ನಾನು ಇದನ್ನೇ ಹೇಳುವುದು.

ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತುವವರಿಗೆ ಇವೆರಡೂ ಬೇಡ. ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ ಮೇಲೆ ನಡೆಯುವ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಳ್ಳಿ. ಮನೆಯ ವೈಫೈನಲ್ಲಿ ನಕ್ಷೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ದಾರಿ ತೋರಿಸುತ್ತದೆ. ಉಪಗ್ರಹ ಚಿತ್ರ ಇರುವುದಿಲ್ಲ. ನಿಮ್ಮೂರ ಓಣಿ ಅದರಲ್ಲಿಲ್ಲವೇ? ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದು, ಕನ್ನಡದ ಹೆಸರಿನೊಂದಿಗೆ ನೀವೇ ಸೇರಿಸಬಹುದು.