ಆಡಿಷನ್‌ಗೆ ಸ್ಟ್ರೆಚ್ ಶರ್ಟು: ವಾದ್ಯ ಕೈಗೆತ್ತಿಕೊಂಡಾಗ ಹೇಗಿರುತ್ತದೆ?

ಸಂಗೀತ ಕಾಲೇಜಿನ ಆಡಿಷನ್‌ಗೆ ಬಟ್ಟೆ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಸ್ಟ್ರೆಚ್ ಫಾರ್ಮಲ್ ಶರ್ಟು. ಕಾಟನ್ ನೂಲಿಗೆ ನೂರಕ್ಕೆ 2ರಿಂದ 5 ಪಾಲು ಎಲಾಸ್ಟೇನ್ ಎಂಬ ಹಿಗ್ಗುವ ಕೃತಕ ನೂಲು ಸೇರಿಸಿ ನೇಯ್ದ ಬಟ್ಟೆ ಇದು. ಕೈ ಸಲೀಸಾಗಿ ಆಡುತ್ತದೆ, ಬೇಗ ಸುಕ್ಕಾಗುವುದಿಲ್ಲ ಎನ್ನುವುದು ಇದರ ಹೆಗ್ಗಳಿಕೆ. ಎರಡೂ ಮಾತು ಬಹುಪಾಲು ನಿಜವೇ. ಆದರೆ ಬಟ್ಟೆ ಎಷ್ಟು ಹಿಗ್ಗಿದರೂ ಕಟಿಂಗ್ ಕೆಟ್ಟಿದ್ದರೆ ಅದನ್ನು ಸರಿಮಾಡಲಾರದು. ಅಂಗಡಿಯ ಕನ್ನಡಿ ಮುಂದೆ ಕೈ ಇಳಿಬಿಟ್ಟು ನಿಂತಾಗ ಚೆನ್ನಾಗಿ ಕೂತ ಶರ್ಟು, ವಯಲಿನ್ ಎತ್ತಿದ ಕೂಡಲೇ ಸೊಂಟದಿಂದ ಕಿತ್ತುಕೊಂಡು ಬರುವುದು ಈ ಕಾರಣಕ್ಕೇ.

ತಪ್ಪು ಇರುವುದು ಕಂಕುಳಲ್ಲಿ. ರೆಡಿಮೇಡ್ ಶರ್ಟುಗಳ ಆರ್ಮ್‌ಹೋಲನ್ನು, ಅಂದರೆ ತೋಳು ಜೋಡಿಸುವ ಕಂಡಿಯನ್ನು, ಬಗೆಬಗೆಯ ಮೈಕಟ್ಟಿಗೆ ಹೊಂದಲಿ ಎಂದು ಸಾಮಾನ್ಯವಾಗಿ ಆಳಕ್ಕೆ ಇಳಿಸಿ ಕತ್ತರಿಸಿರುತ್ತಾರೆ. ಆಗ ತೋಳು ಮತ್ತು ಪಕ್ಕೆ ಸೇರುವ ಹೊಲಿಗೆ ಕಂಕುಳಿಗಿಂತ ತುಂಬ ಕೆಳಗೆ ಬೀಳುತ್ತದೆ. ಕೈ ಎತ್ತಿದರೆ ತೋಳಿನ ಜೊತೆಗೆ ಪಕ್ಕೆಯ ಬಟ್ಟೆಯೂ ಮೇಲೇಳುತ್ತದೆ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವಿದ್ದರೆ ತೋಳು ಮಾತ್ರ ಆಡುತ್ತದೆ, ಮೈಭಾಗ ಇದ್ದಲ್ಲೇ ಇರುತ್ತದೆ. ಆದ್ದರಿಂದ ಒಂದು ಸೈಜ್ ದೊಡ್ಡದು ತೆಗೆದುಕೊಂಡರೆ ಕಷ್ಟ ತಪ್ಪೀತು ಎಂಬ ಲೆಕ್ಕ ತಲೆಕೆಳಗಾಗುತ್ತದೆ: ಸೈಜ್ ಹೆಚ್ಚಿದಷ್ಟೂ ಆರ್ಮ್‌ಹೋಲ್ ಇನ್ನೂ ಕೆಳಗಿಳಿಯುತ್ತದೆ.

ನೋಡುವ ಬಗೆ ಹೀಗೆ. ಎಲ್ಲ ಗುಂಡಿ ಹಾಕಿ, ಕಫ್ ಮುಚ್ಚಿ, ಶರ್ಟನ್ನು ಒಳಗೆ ಸೇರಿಸಿ. ವಾದ್ಯ ಹಿಡಿಯುವ ಭಂಗಿಯಲ್ಲೇ ಕೈಯಿಟ್ಟು ಹತ್ತು ಸಲ ಪೂರ್ತಿ ಬೋ (ಕಮಾನು) ಎಳೆದಂತೆ ಆಡಿಸಿ. ಪಿಯಾನೊದವರು ಕೂತು, ಎರಡೂ ಕೈಯನ್ನು ಕೀಬೋರ್ಡಿನ ಎರಡು ತುದಿಗೆ ಚಾಚಿ ನೋಡಲಿ. ಶರ್ಟಿನ ಅಂಚು ನಾಲ್ಕು ಬೆರಳಿನಷ್ಟು ಮೇಲೆ ಬಂದಿದ್ದರೆ ಆ ಶರ್ಟು ಬೇಡ. ಬೆನ್ನಿನ ಕಡೆ ಯೋಕ್ (ಭುಜಗಳಿಗೆ ಅಡ್ಡವಾಗಿ ಹೊಲಿದ ಬಟ್ಟೆ) ಕೆಳಗೆ ಪ್ಲೀಟ್ (ಮಡಿಕೆ) ಇದೆಯೇ ಎಂದೂ ನೋಡಿ. ನಡುವೆ ಒಂದೇ ಬಾಕ್ಸ್ ಪ್ಲೀಟ್ ಇರುವುದಕ್ಕಿಂತ ಎರಡೂ ಭುಜದ ಮೂಳೆಗಳ ಮೇಲೆ ಒಂದೊಂದು ಸೈಡ್ ಪ್ಲೀಟ್ ಇರುವುದು ಕೈ ಮುಂದಕ್ಕೆ ಚಾಚುವವರಿಗೆ ಹೆಚ್ಚು ಉಪಯೋಗ, ಏಕೆಂದರೆ ಬಟ್ಟೆ ಬೇಕಾಗುವುದು ಅಲ್ಲೇ. ಸ್ಲಿಮ್ ಫಿಟ್ ಹೆಸರಿನಲ್ಲಿ ಪ್ಲೀಟ್ ತೆಗೆದುಹಾಕಿದ ಶರ್ಟುಗಳಲ್ಲಿ ಎಲಾಸ್ಟೇನ್ ಇದ್ದರೂ ಬೆನ್ನು ಬಿಗಿಯುತ್ತದೆ.

ತೋಳಿನ ಉದ್ದವನ್ನು ಮೊಣಕೈ ಮಡಿಸಿಯೇ ಅಳೆಯಬೇಕು. ಪಿಯಾನೊಗೆ ಕಫ್ ಮಣಿಕಟ್ಟಿನ ಮೂಳೆಯ ಬಳಿ ನಿಲ್ಲಲಿ. ಅಂಗೈ ಬುಡದವರೆಗೆ ಜಾರಿದರೆ ಗುಂಡಿ ಕೀಲಿಗಳ ಮುಂದಿನ ಮರಕ್ಕೆ ಟಕ್ ಎಂದು ತಾಗುತ್ತದೆ, ಮೆಲ್ಲನೆಯ ಭಾಗದಲ್ಲಿ ಅದು ಕೋಣೆಗೆಲ್ಲ ಕೇಳುತ್ತದೆ. ವಾಚು, ಬಳೆ, ಬ್ರೇಸ್‌ಲೆಟ್ ಎಲ್ಲ ಹೊರಗೇ ಇರಲಿ.

ವಯಲಿನ್, ವಿಯೋಲಾದವರಿಗೆ ಕಾಲರ್ ದೊಡ್ಡ ವಿಷಯ. ಒಳಗೆ ಗಟ್ಟಿ ಕ್ಯಾನ್ವಾಸ್ ಹಾಕಿದ ಕಾಲರ್ ಕುತ್ತಿಗೆಯ ಎಡಕ್ಕೆ ಮಡಿಸಿಕೊಂಡು ವಾದ್ಯದ ಅಂಚಿನಡಿ ಸಿಕ್ಕಿಕೊಳ್ಳುತ್ತದೆ. ಹದಿನೈದು ನಿಮಿಷದಲ್ಲಿ ಚರ್ಮ ಕೆಂಪಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ವಾದ್ಯ ಕೂರುವ ಕೋನವೇ ಕೊಂಚ ಬದಲಾಗುವುದು. ಗಿಡ್ಡ, ಮೆತ್ತನೆಯ ಕಾಲರ್ ಅಥವಾ ಬರೀ ಪಟ್ಟಿ ಕಾಲರ್ ಒಳ್ಳೆಯದು. ಸ್ಯಾಟಿನ್, ರೇಷ್ಮೆಯಂಥ ನುಣುಪು ಬಟ್ಟೆಯ ಮೇಲೆ ವಾದ್ಯದಡಿ ಭುಜಕ್ಕೆ ಆನಿಸುವ ಶೋಲ್ಡರ್ ರೆಸ್ಟ್ ಜಾರುತ್ತದೆ. ಈ ವಿಷಯದಲ್ಲಿ ಸ್ಟ್ರೆಚ್ ಕಾಟನ್‌ಗೆ ಪೂರ್ತಿ ಅಂಕ ಕೊಡಬಹುದು, ಅದರ ಮೈ ಸ್ವಲ್ಪ ಒರಟು, ಹಿಡಿದುಕೊಳ್ಳುತ್ತದೆ. ಚೆಲ್ಲೊ, ಗಿಟಾರ್‌ನವರು ಗುಂಡಿಪಟ್ಟಿ ನೋಡಬೇಕು: ಎದೆಯ ಗುಂಡಿಗಳೂ ಬೆಲ್ಟಿನ ಬಕಲ್ಲೂ ವಾದ್ಯದ ಹಿಂಬದಿಯ ವಾರ್ನಿಷನ್ನು ಗೀರುತ್ತವೆ. ಗುಂಡಿ ಒಳಗೆ ಮರೆಯಾಗುವ ಪಟ್ಟಿಯ ಶರ್ಟು, ಬೆಲ್ಟಿಲ್ಲದ ಪ್ಯಾಂಟು ಇವರಿಗೆ ಸರಿ.

ಬೆವರಿನ ಮಾತು. ಆಡಿಷನ್ ದಿನ ಬೆವರು ಬಂದೇ ಬರುತ್ತದೆ. ತಿಳಿ ಬೂದು ಮತ್ತು ತಿಳಿ ನೀಲಿಯಲ್ಲಿ ಒದ್ದೆ ಕಲೆ ಎದ್ದು ಕಾಣುತ್ತದೆ, ಬಿಳಿ, ಕಪ್ಪು, ಕಡುನೀಲಿಯಲ್ಲಿ ಅಷ್ಟಾಗಿ ಕಾಣದು. ಪೂರ್ತಿ ಪಾಲಿಯೆಸ್ಟರ್ ಶರ್ಟು ಸುಕ್ಕಾಗದು ನಿಜ, ಆದರೆ ಬೆವರು ಹೀರದೆ ಮೈಗೆ ಅಂಟುತ್ತದೆ. ಕಾಟನ್ ಜಾಸ್ತಿಯಿರುವ ಸ್ಟ್ರೆಚ್ ಬಟ್ಟೆ, ಒಳಗೊಂದು ತೆಳು ಬನಿಯನ್, ಇದೇ ಒಳ್ಳೆಯ ಜೋಡಿ. ಕಪ್ಪು ಶರ್ಟಿಗೆ ಕಪ್ಪು ಪ್ಯಾಂಟು ಹಾಕುವವರು ಎರಡನ್ನೂ ಹಗಲಿನಲ್ಲೂ ಹಳದಿ ದೀಪದಲ್ಲೂ ಪಕ್ಕಪಕ್ಕ ಇಟ್ಟು ನೋಡಲಿ. ಬೇರೆ ಬೇರೆ ಬಣ್ಣದ ಪಾಕದಲ್ಲಿ ಅದ್ದಿದ ಕಪ್ಪು ಒಂದು ಕಂದಾಗಿ, ಇನ್ನೊಂದು ನೀಲಿಯಾಗಿ ಕಂಡುಬಿಡುತ್ತದೆ. ಇನ್ನು, ಎಲಾಸ್ಟೇನ್‌ಗೆ ಬಿಸಿ ಆಗದು. ಕಾಟನ್ ಎಂದು ಇಸ್ತ್ರಿಪೆಟ್ಟಿಗೆಯನ್ನು ಪೂರ್ತಿ ಕಾಯಿಸಿ ಒತ್ತಿದರೆ ಕೆಲವೇ ಸಲದಲ್ಲಿ ಹಿಗ್ಗುವ ಗುಣ ಹೋಗಿ ಮೊಣಕೈ ಬಳಿ ಜೋತುಬೀಳುತ್ತದೆ. ಮಧ್ಯಮ ಬಿಸಿ ಸಾಕು.

ಇಷ್ಟೆಲ್ಲ ಯಾಕೆ, ಕೇಳುವುದು ಸಂಗೀತ ತಾನೆ ಎನ್ನುವವರಿಗೆ ಒಂದು ಮಾತು. ಸಂಶೋಧಕಿ ಚಿಯಾ-ಜುಂಗ್ ತ್ಸೇ 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಂಗೀತ ಸ್ಪರ್ಧೆ ಗೆದ್ದವರು ಯಾರೆಂದು ಬರೀ ಧ್ವನಿ ಕೇಳಿದವರಿಗಿಂತ ಸದ್ದಿಲ್ಲದ ವಿಡಿಯೊ ನೋಡಿದವರು ಚೆನ್ನಾಗಿ ಗುರುತಿಸಿದರು, ಪಳಗಿದ ಸಂಗೀತಗಾರರೂ ಇದಕ್ಕೆ ಹೊರತಾಗಿರಲಿಲ್ಲ. ನೋಡುವವರ ಕಣ್ಣು ಹೋಗುವುದು ಮೈಯ ಚಲನೆಯ ಕಡೆಗೆ. ಭುಜ ಬಿಗಿದ ಬಟ್ಟೆಯೊಳಗೆ ಆ ಚಲನೆ ಕುಗ್ಗುತ್ತದೆ. ಬಟ್ಟೆ ಬೆಲೆಬಾಳುವುದೋ ಅಲ್ಲವೋ ಎನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ.

ಬ್ಲೇಜರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಭುಜಕ್ಕೆ ಪ್ಯಾಡ್ ಇರುವುದು ವಯಲಿನ್‌ಗೆ ಬೇಡವೇ ಬೇಡ. ಹೆಣಿಗೆ ಬಟ್ಟೆಯ, ಪ್ಯಾಡಿಲ್ಲದ ಬ್ಲೇಜರ್ ಆದೀತು. ಹಾಕಿಕೊಂಡರೆ ಕೂರುವಾಗ ಗುಂಡಿ ಬಿಚ್ಚಿ. ಸಂಜೆಯ ಕಛೇರಿಗೆ ಹಾಕುವ ಟಕ್ಸೀಡೊ, ಮಿನುಗುವ ಗೌನ್ ಆಡಿಷನ್‌ಗೆ ಅತಿಯಾಯಿತು. ಜೀನ್ಸ್ ಕಡಿಮೆಯಾಯಿತು. ಕೆಲಸದ ಸಂದರ್ಶನಕ್ಕೆ ಹೋಗುವಂಥ ಉಡುಪಿನ ಮಟ್ಟ ಸಾಕು.

ಪ್ಯಾಂಟಿನ ಸೊಂಟಪಟ್ಟಿಯನ್ನು ಹಾಡುವವರು, ಊದುವವರು ಪೂರ್ತಿ ಉಸಿರು ತುಂಬಿಕೊಂಡು ಪರೀಕ್ಷಿಸಬೇಕು. ಉಸಿರೆಳೆದಾಗ ಕೆಳಪಕ್ಕೆಗಳೂ ಹೊಟ್ಟೆಯೂ ಹಿಗ್ಗುತ್ತವೆ. ಆಗಲೂ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಎರಡೂ ಪಕ್ಕದಲ್ಲಿ ಎಲಾಸ್ಟಿಕ್ ಸೇರಿಸಿದ ಪಟ್ಟಿ ಇದಕ್ಕೆ ಹೇಳಿ ಮಾಡಿಸಿದ್ದು. ಚೆಲ್ಲೊಗೆ ಅಗಲ ಕಾಲಿನ ಪ್ಯಾಂಟೇ ಎಲ್ಲಕ್ಕಿಂತ ಮೇಲು. ಸ್ಕರ್ಟೇ ಬೇಕಿದ್ದರೆ ಪಾದದವರೆಗೆ ಬರುವ, ಘೇರು ಚೆನ್ನಾಗಿರುವುದು ಇರಲಿ. ಅದೇ ಉದ್ದ ಸ್ಕರ್ಟು ಪಿಯಾನೊದವರಿಗೆ ತೊಡಕು, ಪೆಡಲ್ ತುಳಿಯುವ ಹಿಮ್ಮಡಿಯ ಕೆಳಗೆ ಅಂಚು ಸಿಕ್ಕಿಬೀಳುತ್ತದೆ. ಮೊಣಕಾಲಿನವರೆಗಿನ ಸ್ಕರ್ಟು ಕೂತಾಗ ಮೇಲೇರುತ್ತದೆ. ವೇದಿಕೆ ಎತ್ತರದಲ್ಲಿದ್ದರೆ ಅದು ಇನ್ನೂ ಗಿಡ್ಡವಾಗಿ ಕಾಣುತ್ತದೆ.

ಶರ್ಟಿನಷ್ಟೇ ಗಮನ ಬೇಡುವುದು ಶೂ. ಪಿಯಾನೊ ಪೆಡಲ್ ತುಳಿಯುವಾಗ ಹಿಮ್ಮಡಿ ನೆಲದ ಮೇಲೆ ನಿಂತು, ಮುಂಗಾಲು ಮಾತ್ರ ಏರಿಳಿಯುತ್ತದೆ. ಸೋಲ್ ದಪ್ಪವಾದಷ್ಟೂ ಪೆಡಲ್ ಎಲ್ಲಿ ಹಿಡಿಯಿತು ಎನ್ನುವುದು ಕಾಲಿಗೆ ತಿಳಿಯದು, ಪೆಡಲನ್ನು ಅರ್ಧಕ್ಕಷ್ಟೇ ಒತ್ತಿ ಹಿಡಿಯುವುದು ಕೈತಪ್ಪಿಹೋಗುತ್ತದೆ. ಎತ್ತರದ ಹಿಮ್ಮಡಿ ಮೊಣಕಾಲನ್ನು ಮೇಲೆತ್ತಿ ಪಾದದ ಕೋನವನ್ನೇ ಬದಲಿಸುತ್ತದೆ. ಹೊಸ ರಬ್ಬರ್ ಸೋಲು ಪ್ರತಿ ಸಲವೂ ಕೀಚ್ ಎನ್ನಬಹುದು. ಚರ್ಮದ ಸೋಲು ತುಂಬ ಜಾರಿದರೆ ಮುಂಭಾಗವನ್ನು ಮರಳು ಕಾಗದದಲ್ಲಿ ಹಗುರಾಗಿ ಉಜ್ಜಿ ಒರಟು ಮಾಡಿಕೊಳ್ಳಿ. ಆರ್ಗನ್ ನುಡಿಸುವವರು ತೆಳು ಚರ್ಮದ ಸೋಲು, ಸುಮಾರು 3 ಸೆಂಟಿಮೀಟರ್ ಹಿಮ್ಮಡಿಯ ಆರ್ಗನ್ ಶೂವನ್ನು ಚೀಲದಲ್ಲಿ ತಂದು ಒಳಗೇ ಹಾಕಿಕೊಳ್ಳಬೇಕು, ರಸ್ತೆಯ ಮರಳು ಪೆಡಲ್‌ಗಳನ್ನು ಗೀರುತ್ತದೆ. ಹಾಡುವವರು ಹೀಲ್ಸ್ ಹಾಕುವುದಾದರೆ ಅಭ್ಯಾಸವೂ ಅದರಲ್ಲೇ ನಡೆಯಲಿ, ಮೈಭಾರ ಮುಂದಕ್ಕೆ ವಾಲಿದರೆ ಉಸಿರಿನ ಆಸರೆಯೂ ಬದಲಾಗುತ್ತದೆ. ಇನ್ನು ಹೆಜ್ಜೆ ಸಪ್ಪಳ: ಆರ್ಕೆಸ್ಟ್ರಾಗಳ ಆಡಿಷನ್‌ನಲ್ಲಿ ನುಡಿಸುವವರು ಯಾರೆಂದು ಕಾಣದಂತೆ ಪರದೆ ಕಟ್ಟಿದ ಮೇಲೂ ಶೂ ಸದ್ದಿನಿಂದ ಬಂದದ್ದು ಗಂಡೋ ಹೆಣ್ಣೋ ತಿಳಿದುಬಿಡುತ್ತದೆಂದು ಕಾರ್ಪೆಟ್ ಹಾಸುವ ರೂಢಿ ಇದೆ. ಸದ್ದು ಅಷ್ಟು ಮಟ್ಟಿಗೆ ಗಮನ ಸೆಳೆಯುತ್ತದೆ.

ಎಲ್ಲ ಸೇರಿಸಿ ಹೇಳಿದರೆ ಸ್ಟ್ರೆಚ್ ಶರ್ಟಿಗೆ ಐದರಲ್ಲಿ ನಾಲ್ಕು ಕೊಡಬಹುದು, ಅದೂ ಆರ್ಮ್‌ಹೋಲ್ ಎತ್ತರದಲ್ಲಿದ್ದರೆ ಮಾತ್ರ. ಇಲ್ಲದಿದ್ದರೆ ಎರಡೇ. ತಂದ ಕೂಡಲೇ ಒಂದು ಸಲ ಒಗೆಯಿರಿ, ಹೊಸ ಬಟ್ಟೆಯ ಗಂಜಿಯೂ ಹೆಚ್ಚುವರಿ ಬಣ್ಣವೂ ಹೋಗುತ್ತದೆ. ಆಮೇಲೆ ಅದೇ ಶರ್ಟು, ಅದೇ ಪ್ಯಾಂಟು, ಅದೇ ಶೂ ಹಾಕಿ ಆಡಿಷನ್‌ನಲ್ಲಿ ನುಡಿಸಬೇಕಾದ ಎಲ್ಲವನ್ನೂ ಕನಿಷ್ಠ ಮೂರು ಸಲ ನುಡಿಸಿ. ಒಂದು ಸಲ ಕೂತವರ ಕಣ್ಣಿನ ಎತ್ತರದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ, ಸದ್ದು ತೆಗೆದು ನೋಡಿ. ಕೈ ಎಷ್ಟು ಸಲ ಕಾಲರ್ ಸರಿಮಾಡಲು ಹೋಯಿತು, ಶರ್ಟು ಎಷ್ಟು ಸಲ ಹೊರಬಂತು ಎಂದು ಎಣಿಸಿ. ಆಡಿಷನ್ ದಿನಕ್ಕೆ ಚೀಲದಲ್ಲಿ ಎರಡು ಸೇಫ್ಟಿ ಪಿನ್, ಶರ್ಟಿನ ಬಣ್ಣದ ದಾರ ಪೋಣಿಸಿದ ಸೂಜಿ, ಒಂದು ಒಣ ಬನಿಯನ್ ಮತ್ತು ತೆಗೆಯಲು ಸುಲಭವಾದ ಒಂದು ಕಾರ್ಡಿಗನ್ ಇರಲಿ. ಕಾಯುವ ಕೋಣೆ ತಣ್ಣಗಿದ್ದರೆ ಬೆರಳು ಮರಗಟ್ಟುತ್ತದೆ, ಹೆಸರು ಕರೆಯುವವರೆಗೂ ಕಾರ್ಡಿಗನ್ ಮೈಮೇಲೆಯೇ ಇರಲಿ.