ಅಡಿಕೆ ಸುಲಿಯೋಕೆ ಡೀಸೆಲ್ಲೋ, ಗ್ಯಾಸಿಫೈಯರೋ, ಸ್ಟೀಮ್ ಎಂಜಿನ್ನೋ? ತೂಗಿ ನೋಡಿದ ಲೆಕ್ಕ

ನಮ್ಮದು ತೀರ್ಥಹಳ್ಳಿ ಕಡೆಯ ತೋಟ. ಕೊಯ್ಲು ಶುರುವಾಗೋದಕ್ಕೂ ಕರೆಂಟ್ ಕೈಕೊಡೋದಕ್ಕೂ ಏನೋ ನಂಟಿದೆ. ಹಸಿ ಅಡಿಕೆ ಕಾಯೋದಿಲ್ಲ. ಬೇಗ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಮೊದಲಾದರೆ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಜನ ಕೂರುತ್ತಿದ್ದರು. ಈಗ ಜನ ಇಲ್ಲ, 2 ಎಚ್‌ಪಿಯ ಸುಲಿಯುವ ಯಂತ್ರ ಇದೆ, ಕರೆಂಟ್ ಇಲ್ಲ. ಹಾಗಾಗಿ ಎರಡು ಕೊಯ್ಲು ಒಂದೇ ಯಂತ್ರಕ್ಕೆ ಬೇರೆ ಬೇರೆ ಎಂಜಿನ್ ಬೆಲ್ಟ್ ಹಾಕಿ, ಸೌದೆಯನ್ನ ತಕ್ಕಡಿಯಲ್ಲಿ ತೂಗಿ, ಬರೆದಿಟ್ಟುಕೊಂಡೆ.

ಡೀಸೆಲ್ ಎಂಜಿನ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಹಳೇ 5 ಎಚ್‌ಪಿ ಎಂಜಿನ್, ಎರಡು ಸಲ ಹ್ಯಾಂಡಲ್ ತಿರುವಿದರೆ ಹತ್ತುತ್ತದೆ, ತಾಸಿಗೆ ಹತ್ತಿರ ಹತ್ತಿರ ಮುಕ್ಕಾಲು ಲೀಟರ್ ಕುಡಿಯುತ್ತದೆ. ಹೊಗೆ, ಸದ್ದು, ದುಡ್ಡು. ಆದರೆ ಮಳೆ ಮೋಡ ಕವಿದ ಸಂಜೆ ನಂಬೋದು ಅದನ್ನೇ.

ಸೋಲಾರ್ ಹಾಕಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಾವು ಸುಲಿಯೋದು ಕತ್ತಲಾದ ಮೇಲೆ. ಬಿಸಿಲು ಬೀಳುವ ಜಾಗವೆಲ್ಲ ಅಡಿಕೆ ಒಣಗಿಸೋಕೇ ಸಾಲದು. ಪಕ್ಕದ ಹಳ್ಳದಲ್ಲಿ 1 ಕಿಲೋವ್ಯಾಟಿನ ಪೈಕೋ ಹೈಡ್ರೋ ಇದೆ: 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಬಂದರೆ ಅಷ್ಟು ಹುಟ್ಟುತ್ತದೆ. ಮನೆಯ ದೀಪಕ್ಕೆ ಬಂಗಾರದಂಥದ್ದು. ಆದರೆ 2 ಎಚ್‌ಪಿ ಮೋಟಾರ್ ಸ್ಟಾರ್ಟ್ ಆಗುವಾಗ ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ, ಮನೆ ದೀಪ ಆರಿಹೋಗುತ್ತದೆ, ಮೋಟಾರ್ ಹ್ಞೂಂ ಅಂತ ನರಳಿ ನಿಲ್ಲುತ್ತದೆ.

ಉಳಿದದ್ದು ಗ್ಯಾಸಿಫೈಯರ್ ಮತ್ತು ಸ್ಟೀಮ್. ಎರಡೂ ಸುಡೋದು ಸೌದೆ.

ಗ್ಯಾಸಿಫೈಯರ್ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲೇ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 3.7 ಕಿಲೋವ್ಯಾಟಿನದ್ದು ಹಾಕಿ ಊರಿಗೆ ದೀಪ ಕೊಟ್ಟಿದ್ದರು. ಸೌದೆಯನ್ನ ಅರೆಬರೆ ಗಾಳಿಯಲ್ಲಿ ಉರಿಸಿ, ಬರುವ ಗ್ಯಾಸ್ ತಣಿಸಿ, ಸೋಸಿ, ಡೀಸೆಲ್ ಎಂಜಿನ್ನಿನ ಗಾಳಿ ಹೋಗುವ ದಾರಿಗೆ ಬಿಡೋದು. ಪರಿಚಯದವರಿಂದ ತಂದ ಚಿಕ್ಕದೊಂದನ್ನ ನಮ್ಮ ಎಂಜಿನ್ನಿಗೇ ಜೋಡಿಸಿದೆ. ಡೀಸೆಲ್ ಕಾಲು ಭಾಗಕ್ಕೆ ಇಳಿಯಿತು. ತಾಸಿಗೆ 2 ಕೆಜಿ ಸೌದೆ, ಅಷ್ಟೇ. ನಂಬೋಕೇ ಆಗಲಿಲ್ಲ.

ಆದರೆ ಆ 2 ಕೆಜಿ ಎಂಥದ್ದು ಅನ್ನಬೇಕಲ್ಲ! ಹೆಬ್ಬೆರಳುದ್ದದ ತುಂಡು, ಚೆನ್ನಾಗಿ ಒಣಗಿರಬೇಕು. ಮಲೆನಾಡಿನ ಅಕ್ಟೋಬರ್ ತಿಂಗಳಲ್ಲಿ ಅಂಥ ಸೌದೆ ಬೇಕಂದ್ರೆ ಬೇಸಿಗೆಯಲ್ಲೇ ಕಡಿದು ಅಟ್ಟಕ್ಕೆ ಹಾಕಿರಬೇಕು. ಸ್ವಲ್ಪ ಹಸಿ ಇದ್ದದ್ದು ಹಾಕಿದೆ ನೋಡಿ, ನಾಲ್ಕನೇ ದಿನಕ್ಕೆ ಪೈಪಿನ ತುಂಬ ಡಾಂಬರಿನಂಥ ಅಂಟು. ಅಡಿಕೆ ಸಿಪ್ಪೆ ಹಾಕಿದರೆ ಹತ್ತಿಯ ಹಾಗೆ ಮೇಲೇ ಕಚ್ಚಿಕೊಂಡು ಕೆಳಗೆ ಇಳಿಯೋದೇ ಇಲ್ಲ. ಇನ್ನೊಂದು ಮಾತು: ಆ ಗ್ಯಾಸಿನಲ್ಲಿ ಇರೋದು ಕಾರ್ಬನ್ ಮೊನಾಕ್ಸೈಡ್, ವಾಸನೆ ಇಲ್ಲದೆ ಆಳನ್ನ ಕೊಂದೇಬಿಡುತ್ತದೆ. ಬಾಗಿಲು ಹಾಕಿದ ಕೊಟ್ಟಿಗೆಯಲ್ಲಿ ಯಾವತ್ತೂ ಇಡಬೇಡಿ.

ಸ್ಟೀಮ್ ಎಂಜಿನ್ ಗೆಳೆಯನೊಬ್ಬ ಮಾಡಿದ್ದು, ಒಂದೇ ಸಿಲಿಂಡರ್. 1812ರಲ್ಲಿ ಟ್ರೆವಿಥಿಕ್ ಅನ್ನೋ ಎಂಜಿನಿಯರ್ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಒಕ್ಕಣೆಗೆ ಅಂತ ಕಟ್ಟಿದ ಸ್ಟೀಮ್ ಎಂಜಿನ್ 1879ರವರೆಗೆ ದುಡಿಯಿತು ಅಂತ ಅವನು ಕಥೆ ಹೇಳಿ ನನ್ನನ್ನ ಕೆಡಿಸಿದ. ಬಾಯ್ಲರ್ 20 ಲೀಟರಿನದ್ದು. 25 ಲೀಟರ್ ದಾಟಿದರೆ ಬಾಯ್ಲರ್ ಕಾಯ್ದೆ, ಇನ್ಸ್‌ಪೆಕ್ಷನ್ ಎಲ್ಲ ಬರುತ್ತದೆ. ಹಾಗಂತ ಚಿಕ್ಕ ಬಾಯ್ಲರ್ ಸಾಧು ಅಂದುಕೊಳ್ಳಬೇಡಿ. ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡಕ್ಕೆ ಓಡಿಸುವ ಮೊದಲು ತಣ್ಣೀರು ತುಂಬಿ ಅದರ ಒಂದೂವರೆ ಪಟ್ಟು ಒತ್ತಡ ಕೊಟ್ಟು ಪರೀಕ್ಷೆ ಮಾಡಿದೆವು, ಸೇಫ್ಟಿ ವಾಲ್ವ್ ಎರಡು ಹಾಕಿದೆವು.

ಬೆಂಕಿ ಹಚ್ಚಿ 40 ನಿಮಿಷ ಕಾಯಬೇಕು. ಆಮೇಲೆ ತಿರುಗುತ್ತದೆ ನೋಡಿ, ಸದ್ದೇ ಇಲ್ಲ, ಸುಮ್ನೆ ಉಸಿರಾಡಿದ ಹಾಗೆ. ಆದರೆ ತಾಸಿಗೆ 11 ಕೆಜಿ ಸೌದೆ! ಗ್ಯಾಸಿಫೈಯರಿನ ಐದು ಪಟ್ಟಿಗೂ ಜಾಸ್ತಿ. ಶಾಖದ ನೂರರಲ್ಲಿ ಮೂರೋ ನಾಲ್ಕೋ ಪಾಲು ಬೆಲ್ಟಿಗೆ ಬರುತ್ತದೆ, ಉಳಿದದ್ದು ಹೊಗೆಯಲ್ಲಿ, ಹಬೆಯಲ್ಲಿ ಹೋಗುತ್ತದೆ. ತಾಸಿಗೆ 38 ಲೀಟರ್ ನೀರು ಬೇರೆ ಆವಿಯಾಗುತ್ತದೆ. ಗಾಜಿನ ನಳಿಗೆಯಲ್ಲಿ ನೀರು ಎಲ್ಲಿದೆ ಅಂತ ಒಬ್ಬರು ನೋಡುತ್ತಲೇ ಇರಬೇಕು, ಕಾಫಿಗೆ ಅಂತ ಎದ್ದು ಹೋಗೋ ಹಾಗಿಲ್ಲ.

ಹೋಗುವ ಹಬೆಯಲ್ಲೇ ಅಡಿಕೆ ಬೇಯಿಸಿದರೆ? ಇದೇ ನನ್ನ ಮುಖ್ಯ ಲೆಕ್ಕ. ಬೇಯಿಸೋಕೆ ಹೇಗೂ ಸೌದೆ ಸುಡುತ್ತೇವಲ್ಲ. ಮೊದಲ ದಿನ ಕಬ್ಬಿಣದ ಪೈಪನ್ನ ನೇರ ಹಂಡೆಗೆ ಇಳಿಸಿದೆ. ಅರ್ಧ ಗಂಟೆಗೆ ಕೆಂಪಗಿರಬೇಕಾದ ಚೊಗರು, ಅಂದ್ರೆ ಅಡಿಕೆ ಬೇಯಿಸುವ ನೀರು, ಕಪ್ಪಾಯಿತು, ಮೇಲೆ ಸಿಲಿಂಡರಿನ ಎಣ್ಣೆ ಬಣ್ಣ ಬಣ್ಣವಾಗಿ ತೇಲುತ್ತಿತ್ತು. ಅಪ್ಪಯ್ಯ ಸಟ್ಟುಗದಲ್ಲಿ ಎತ್ತಿ ನೋಡಿ, "ಇದು ಚೊಗರಾ, ಇಂಕಾ ಮಾರಾಯ?" ಅಂದರು. ಅವರು ಹೇಳಿದ್ದು ನಿಜವೇ, ಕಬ್ಬಿಣಕ್ಕೆ ಚೊಗರು ಸೇರಿದರೆ ಆಗೋದು ಶಾಯಿಯೇ. ಒಂದು ಹಂಡೆ ಅಡಿಕೆ ಹೋಯಿತು.

ಆಮೇಲೆ ತಾಮ್ರದ ಪೈಪನ್ನ ಸುರುಳಿ ಸುತ್ತಿ ಹಂಡೆಯೊಳಗೆ ಕೂರಿಸಿದೆ, ಹಬೆ ಅದರೊಳಗೇ ಓಡಾಡಿ ಹೊರಗೆ ಹೋಗುವ ಹಾಗೆ. 200 ಲೀಟರಿನ ಹಂಡೆ ಒಂದೂಕಾಲು ತಾಸಿನಲ್ಲಿ 90 ಡಿಗ್ರಿಗೆ ಬಂತು. ಅಲ್ಲಿಗೆ ನಿಂತುಬಿಟ್ಟಿತು. ಬಿಟ್ಟ ಹಬೆಯೂ ನೂರು ಡಿಗ್ರಿ ಆಸುಪಾಸೇ, ಕುದಿಸೋಕೆ ಬೇಕಾದ ವ್ಯತ್ಯಾಸ ಎಲ್ಲಿಂದ ಬರಬೇಕು? ಹಬೆಯನ್ನ ತಡೆದು ಒತ್ತಡ ಏರಿಸಿದರೆ ಕುದಿಯುತ್ತದೆ, ಆದರೆ ಎಂಜಿನ್ ಸೊರಗುತ್ತದೆ. ಕೊನೆಗೆ ಹಂಡೆ ಕೆಳಗೆ ನಾಲ್ಕು ಸೌದೆ ಹಾಕಿ ಕುದಿ ತರಿಸಿದೆ.

ಬಾಯ್ಲರಿಗೂ ಹಂಡೆ ಕೆಳಗೂ ಎಲ್ಲ ಸೇರಿ 26 ಕೆಜಿ ಸೌದೆ. ಬರೀ ನಮ್ಮ ಒಲೆಯಲ್ಲಿ ಅದೇ ಹಂಡೆಗೆ 25. ಅಂದ್ರೆ ಒಂದು ಕೆಜಿ ಸೌದೆಗೆ ಯಂತ್ರ ಒಂದೂಕಾಲು ತಾಸು ತಿರುಗಿತು! ಊರೆಲ್ಲ ಹೇಳಿಕೊಂಡು ಬಂದೆ.

ಆಮೇಲೆ ಭಾವನ ಮನೆಗೆ ಹೋದೆ. ಅವರದ್ದು ಜಾಲರಿ, ಚಿಮಣಿ ಇಟ್ಟು ಕಟ್ಟಿದ ಹೊಸ ಒಲೆ, ಅಷ್ಟೇ ದೊಡ್ಡ ಹಂಡೆ. 13 ಕೆಜಿಗೆ ಕುದಿಯಿತು. ಅಲ್ಲಿಗೆ ನನ್ನ ಲೆಕ್ಕ ತಲೆಕೆಳಗು. ಹೊಸ ಒಲೆಗೆ 13, ಗ್ಯಾಸಿಫೈಯರಿಗೆ ಒಂದೂಕಾಲು ತಾಸಿಗೆ ಎರಡೂವರೆ, ಚೂರು ಡೀಸೆಲ್. ಸ್ಟೀಮಿಗೆ 26. ಗೆದ್ದದ್ದು ಸ್ಟೀಮ್ ಅಲ್ಲ, ನಮ್ಮ ಒಲೆ ಅಷ್ಟು ಕೆಟ್ಟದಿತ್ತು.

ಆದರೂ ಕೆಜಿಗೆ ಕೆಜಿ ಸಮ ಅಲ್ಲ. ಗ್ಯಾಸಿಫೈಯರ್ ಕೇಳೋದು ಒಳ್ಳೆ ಸೌದೆ. ಬಾಯ್ಲರ್ ಕೆಳಗೆ ಒಣಗಿದ ಸಿಪ್ಪೆ, ಸೋಗೆ, ಹರಿದ ಅಡಿಕೆ ಹಾಳೆ, ಅರ್ಧ ಹಸಿ ಕೊಂಬೆ ಎಲ್ಲ ಉರಿಯುತ್ತದೆ. ಬಾಚಿ ಬಾಚಿ ಹಾಕುವ ಕೆಲಸ ಜಾಸ್ತಿ, ಸೌದೆ ಕಡಿಯೋದು ಕಮ್ಮಿ. ಸೌದೆ ಕೊಂಡು ತರುವವರು ಸ್ಟೀಮ್ ಹತ್ತಿರ ಸುಳಿಯಬೇಡಿ. ಸಿಪ್ಪೆ ಕೊಳೆಯಲು ಬಿಟ್ಟಿರುವವರು, ದಿನವಿಡೀ ಕೂರುವ ಒಬ್ಬರು ಮನೆಯಲ್ಲಿ ಇದ್ದರೆ, ಯೋಚನೆ ಮಾಡಬಹುದು.

ಗ್ಯಾಸಿಫೈಯರ್ ವಾಪಸ್ ಕೊಟ್ಟೆ, ಬೇಸಿಗೆಯಲ್ಲಿ ಸೌದೆ ಕಡಿದಿಡುವ ಶಿಸ್ತು ನನ್ನದಲ್ಲ. ಹೊಸ ಒಲೆಗೆ ಇಟ್ಟಿಗೆ ಬಂದು ಬಿದ್ದಿದೆ. ಸ್ಟೀಮ್ ಎಂಜಿನ್ನಿಗೆ ಟಾರ್ಪಾಲ್ ಹೊದಿಸಿದ್ದೇನೆ, ಸಿಪ್ಪೆ ರಾಶಿ ಕೊಟ್ಟಿಗೆ ಗೋಡೆ ಮುಟ್ಟಿದ ದಿನ ಹೊರಗೆ ಎಳೆಯುತ್ತೇನೆ.